ಊರಿನ ಪಿನ್ ಕೋಡ್ ಬಿಡಿಸುವುದು ಹೇಗೆ? ದೊಡ್ಡ ಸಂಖ್ಯೆಯ ಗುಣ ಕೈಲೆಕ್ಕದಲ್ಲೇ ತಿಳಿಯುವ ದಾರಿ

ದಾವಣಗೆರೆ 577001. ಚಿತ್ರದುರ್ಗ 577501. ಹರಿಹರ 577601. ಅರ್ಜಿ ತುಂಬುವಾಗ, ಆನ್‌ಲೈನ್‌ನಲ್ಲಿ ಸಾಮಾನು ತರಿಸುವಾಗ ಕೈ ತಾನಾಗಿಯೇ ಬರೆಯುವ ಅಂಕಿಗಳು ಇವು. ಇವನ್ನು ವಿಳಾಸದ ಒಂದು ತುಂಡು ಅಂತ ನೋಡುತ್ತೇವೆಯೇ ಹೊರತು, ಐದು ಲಕ್ಷದ ಎಪ್ಪತ್ತೇಳು ಸಾವಿರದ ಚಿಲ್ಲರೆ ಎಂಬ ದೊಡ್ಡ ಸಂಖ್ಯೆ ಅಂತ ಓದುವವರು ಕಡಿಮೆ. ಹಾಗೆ ಓದಿದರೆ ಕೇಳಲು ಎಷ್ಟೋ ಪ್ರಶ್ನೆಗಳಿವೆ. ಇದು ಯಾವ ಮಗ್ಗಿಯಲ್ಲಿ ಬರುತ್ತದೆ? ಎಷ್ಟು ಸಂಖ್ಯೆಗಳು ಇದನ್ನು ಶೇಷವಿಲ್ಲದೆ ಭಾಗಿಸುತ್ತವೆ? ಒಂದೂ ಭಾಗಿಸದಿದ್ದರೆ?

ಉತ್ತರ ಹುಡುಕಲು ಕಂಪ್ಯೂಟರ್ ಬೇಕಿಲ್ಲ. ಆರಂಕಿಯ ಯಾವ ಸಂಖ್ಯೆಯನ್ನಾದರೂ ಒಂದು ಮಧ್ಯಾಹ್ನದಲ್ಲಿ ಕೈಯಲ್ಲೇ ಬಿಡಿಸಬಹುದು, ಅಂದರೆ ಅದು ಯಾವ ಚಿಕ್ಕ ಸಂಖ್ಯೆಗಳನ್ನು ಗುಣಿಸಿದಾಗ ಬರುತ್ತದೆ ಅಂತ ಕಂಡುಹಿಡಿಯಬಹುದು. ಬೇಕಾಗಿರುವುದು ಸರಿಯಾದ ಕ್ರಮ ಮಾತ್ರ. ಯಾವುದನ್ನು ಮೊದಲು ನೋಡಬೇಕು, ಯಾವುದನ್ನು ಬಿಡಬಹುದು, ಎಲ್ಲಿಗೆ ನಿಲ್ಲಿಸಬೇಕು ಎಂಬುದು ಗೊತ್ತಿದ್ದರೆ ಅರ್ಧ ಕೆಲಸ ಮುಗಿದ ಹಾಗೆ. ಮಕ್ಕಳ ಜೊತೆ ಕೂತು ಮಾಡಿದರೆ ಇನ್ನೂ ಒಳ್ಳೆಯದು. ಐದನೇ ಕ್ಲಾಸಿನವರಿಗೂ ಬಹುಪಾಲು ಅರ್ಥವಾಗುತ್ತದೆ.

ಪಿನ್ ಕೋಡ್ ನಮಗೆ ಬಂದದ್ದು 1972ರ ಆಗಸ್ಟ್ 15ರಂದು. ಇದನ್ನು ರೂಪಿಸಿದವರು ಕೇಂದ್ರ ಸಂಪರ್ಕ ಸಚಿವಾಲಯದಲ್ಲಿದ್ದ ಶ್ರೀರಾಮ್ ಭಿಕಾಜಿ ವೇಲಣಕರ್. ಅವರು ಸಂಸ್ಕೃತ ಕವಿಯೂ ಹೌದು. ಮೊದಲ ಅಂಕಿ ದೇಶದ ವಲಯ ಹೇಳುತ್ತದೆ. ಕರ್ನಾಟಕ, ಆಂಧ್ರ, ತೆಲಂಗಾಣಕ್ಕೆ 5. ಮೊದಲ ಮೂರು ಅಂಕಿ ಟಪಾಲು ವಿಂಗಡಿಸುವ ಜಿಲ್ಲೆಯದು. ನಮಗೆ 577. ಶಿವಮೊಗ್ಗ, ಚಿಕ್ಕಮಗಳೂರಿನವರೂ ಇದೇ 577ರಲ್ಲಿ ನಮ್ಮ ಜೊತೆ ಇದ್ದಾರೆ. ಈ 577 ಒಂದು ವಿಶೇಷ ಸಂಖ್ಯೆ, ಅದರ ಕತೆ ಆಮೇಲೆ.

ಮೊದಲು ಪಟ್ಟಿ ಮಾಡಿಕೊಳ್ಳಿ

ಒಂದು ನೋಟ್‌ಬುಕ್ಕು, ಪೆನ್ನು, ಮತ್ತು 760ರ ಒಳಗಿನ ಅವಿಭಾಜ್ಯ ಸಂಖ್ಯೆಗಳ ಪಟ್ಟಿ. ಇಷ್ಟೇ ಸಾಮಾನು. ಅವಿಭಾಜ್ಯ ಅಂದರೆ 1 ಮತ್ತು ತನ್ನಿಂದ ಬಿಟ್ಟು ಬೇರಾವುದರಿಂದಲೂ ಭಾಗವಾಗದ ಸಂಖ್ಯೆ: 2, 3, 5, 7, 11, 13 ಹೀಗೆ.

ಪಟ್ಟಿಯನ್ನು ಇಂಟರ್‌ನೆಟ್‌ನಿಂದ ತೆಗೆಯಬಹುದು, ಆದರೆ ಕೈಯಲ್ಲಿ ಮಾಡಿಕೊಳ್ಳಿ ಅಂತಲೇ ಹೇಳುತ್ತೇನೆ. 2ರಿಂದ 760ರವರೆಗೆ ಬರೆಯಿರಿ. 2ನ್ನು ಬಿಟ್ಟು 2ರ ಮಗ್ಗಿಯಲ್ಲಿ ಬರುವವನ್ನೆಲ್ಲ ಹೊಡೆದುಹಾಕಿ. ಆಮೇಲೆ 3ರದ್ದು, 5ರದ್ದು, 7, 11, 13, 17, 19, 23ರದ್ದು. ಅಲ್ಲಿಗೆ ನಿಲ್ಲಿಸಿ. ಮುಂದಿನದು 29, ಅದರ ವರ್ಗ 841, ಅದು 760 ದಾಟಿತು. ಹೊಡೆಯದೆ ಉಳಿದವು 134 ಸಂಖ್ಯೆಗಳು. ನಿಮ್ಮದು ಒಂದು ಹೆಚ್ಚು ಕಡಿಮೆ ಬಂದರೆ ಎಲ್ಲೋ ಗೆರೆ ತಪ್ಪಿದೆ ಅಂತ ಅರ್ಥ, ಮತ್ತೆ ನೋಡಿ. 2200 ವರ್ಷಗಳ ಹಿಂದೆ ಗ್ರೀಕ್ ವಿದ್ವಾಂಸ ಎರಟೋಸ್ತನೀಸ್ ಹೇಳಿಕೊಟ್ಟ ಜರಡಿ ಇದೇ.

760 ಯಾಕೆ? ಒಂದು ಸಂಖ್ಯೆ ಎರಡು ಸಂಖ್ಯೆಗಳ ಗುಣಲಬ್ಧವಾಗಿದ್ದರೆ, ಆ ಎರಡರಲ್ಲಿ ಚಿಕ್ಕದು ಅದರ ವರ್ಗಮೂಲವನ್ನು ದಾಟುವುದಿಲ್ಲ. ಎರಡೂ ದಾಟಿದರೆ ಗುಣಲಬ್ಧ ದೊಡ್ಡದಾಗಿಬಿಡುತ್ತದೆ. 760 × 760 = 577600. ನಮ್ಮ ಸೀಮೆಯ ಪಿನ್ ಕೋಡ್‌ಗಳು ಇದರ ಆಸುಪಾಸಿನಲ್ಲೇ ಇವೆ. ಹಾಗಾಗಿ 760ರವರೆಗಿನ ಅವಿಭಾಜ್ಯಗಳಲ್ಲಿ ಒಂದೂ ಭಾಗಿಸದಿದ್ದರೆ ಹುಡುಕಾಟ ಮುಗಿಯಿತು, ಆ ಸಂಖ್ಯೆಯೇ ಅವಿಭಾಜ್ಯ. ಐದು ಲಕ್ಷ ಸಂಖ್ಯೆಗಳನ್ನು ಪರೀಕ್ಷಿಸಬೇಕಾದಲ್ಲಿ 134 ಸಾಕು. ಈ ಒಂದು ಮಾತು ತಿಳಿದವರಿಗೆ ದೊಡ್ಡ ಸಂಖ್ಯೆಯ ಭಯ ಅಲ್ಲಿಗೇ ಹೋಗುತ್ತದೆ.

ಕಣ್ಣಳತೆಯ ಪರೀಕ್ಷೆ

ಕೊನೆಯ ಅಂಕಿ ಸಮವಾಗಿದ್ದರೆ 2ರಿಂದ, 0 ಅಥವಾ 5 ಇದ್ದರೆ 5ರಿಂದ ಭಾಗವಾಗುತ್ತದೆ. ಅಂಕಿಗಳನ್ನು ಕೂಡಿದಾಗ ಬರುವ ಮೊತ್ತ 3ರ ಮಗ್ಗಿಯಲ್ಲಿದ್ದರೆ ಸಂಖ್ಯೆಯೂ 3ರಿಂದ ಭಾಗವಾಗುತ್ತದೆ. ಇದು ಎಲ್ಲರಿಗೂ ಗೊತ್ತಿರುವುದೇ.

ದಾವಣಗೆರೆ: 5+7+7+0+0+1 = 20. ಇಲ್ಲ. ಚಿತ್ರದುರ್ಗ: 25. ಇಲ್ಲ. ಹರಿಹರ: 26. ಇಲ್ಲ. ಮೂರೂ 1ರಲ್ಲಿ ಮುಗಿಯುವುದರಿಂದ 2, 5 ಕೂಡ ಇಲ್ಲ. ಹೊಸದುರ್ಗ 577527, ಮೊತ್ತ 33. ಅದು 3ಕ್ಕೇ ಸಿಕ್ಕಿತು.

1001ರ ಉಪಾಯ

ಶಾಲೆಯಲ್ಲಿ 7ರ ಭಾಜ್ಯತೆಗೆ ಒಳ್ಳೆಯ ನಿಯಮ ಇಲ್ಲ ಅಂತ ಸುಮ್ನೆ ಮುಂದೆ ಹೋಗಿಬಿಡುತ್ತಾರೆ. ಆದರೆ ಆರಂಕಿಯ ಸಂಖ್ಯೆಗೆ ಒಂದು ಸೊಗಸಾದ ನಿಯಮ ಇದೆ. ಅದು 7, 11, 13 ಮೂರನ್ನೂ ಒಂದೇ ಏಟಿಗೆ ಪರೀಕ್ಷಿಸುತ್ತದೆ. ಪಿನ್ ಕೋಡ್‌ಗೆ ಹೇಳಿ ಮಾಡಿಸಿದಂತಿದೆ.

7 × 11 × 13 = 1001. ಇದೇ ಗುಟ್ಟು. ಆರಂಕಿಯನ್ನು ನಡುವೆ ಕತ್ತರಿಸಿ, ಮೂರು ಮೂರು ಅಂಕಿಯ ಎರಡು ತುಂಡು ಮಾಡಿ. ದೊಡ್ಡದರಿಂದ ಚಿಕ್ಕದನ್ನು ಕಳೆಯಿರಿ. ಉಳಿದದ್ದು 7ರ ಮಗ್ಗಿಯಲ್ಲಿದ್ದರೆ ಇಡೀ ಸಂಖ್ಯೆ 7ರ ಮಗ್ಗಿಯಲ್ಲಿದೆ. 11, 13ಕ್ಕೂ ಹಾಗೆಯೇ.

ಚನ್ನಗಿರಿಯ 577213 ತೆಗೆದುಕೊಳ್ಳಿ. 577ರಿಂದ 213 ಕಳೆದರೆ 364. ಇದು 4 × 91, ಅಂದರೆ 4 × 7 × 13. ಹಾಗಾದರೆ 577213 ಕೂಡ 7ರಿಂದಲೂ 13ರಿಂದಲೂ ಭಾಗವಾಗಬೇಕು. 91ರಿಂದ ಭಾಗಿಸಿ ನೋಡಿ: 577213 = 91 × 6343. ಸರಿಯಾಗಿ ಬಂತು. 6343 ಅವಿಭಾಜ್ಯ, ಅದರ ವರ್ಗಮೂಲ 80ಕ್ಕಿಂತ ಕಡಿಮೆ ಇರುವುದರಿಂದ ಪರೀಕ್ಷೆಯೂ ಬೇಗ ಮುಗಿಯುತ್ತದೆ.

ಇದು ಯಾಕೆ ನಡೆಯುತ್ತದೆ ಅಂತ ಮಕ್ಕಳು ಕೇಳುತ್ತಾರೆ, ಕೇಳಲೇಬೇಕು. 577213 ಅಂದರೆ 577 ಸಾವಿರ ಮತ್ತು 213. ಒಂದು ಸಾವಿರ ಅಂದರೆ 1001ಕ್ಕೆ ಒಂದು ಕಡಿಮೆ. ಹಾಗಾಗಿ 577 ಸಾವಿರ ಅಂದರೆ 577 × 1001ರಲ್ಲಿ 577 ಕಡಿಮೆ. 577 × 1001 ಭಾಗ 7, 11, 13ಕ್ಕೆ ಹೇಗೂ ಭಾಗವಾಗುತ್ತದೆ, ಅದನ್ನು ಬದಿಗಿಡಿ. ಉಳಿಯುವುದು 577 ಮತ್ತು 213ರ ವ್ಯತ್ಯಾಸ ಮಾತ್ರ.

ಚಳ್ಳಕೆರೆ 577522. ವ್ಯತ್ಯಾಸ 55. 11ರ ಮಗ್ಗಿ! ಜೊತೆಗೆ ಸಮಸಂಖ್ಯೆ. 577522 = 2 × 11 × 26251.

ಜಗಳೂರು 577528. ವ್ಯತ್ಯಾಸ 49. 7 × 7. ಕೊನೆಯ ಮೂರಂಕಿ 528 ಅಂದರೆ 8 × 66, ಆದ್ದರಿಂದ ಇಡೀ ಸಂಖ್ಯೆ 8ರಿಂದಲೂ ಭಾಗವಾಗುತ್ತದೆ. ಬಿಡಿಸಿದರೆ 2 × 2 × 2 × 7 × 10313. ವ್ಯತ್ಯಾಸ 49 ಬಂದ ಮಾತ್ರಕ್ಕೆ ಸಂಖ್ಯೆಯಲ್ಲಿ ಎರಡು 7 ಇರುತ್ತವೆ ಅಂದುಕೊಳ್ಳಬೇಡಿ. 1001ರಲ್ಲಿ ಇರುವುದು ಒಂದೇ 7. ಎರಡನೆಯದಕ್ಕೆ ಬೇರೆಯಾಗಿ ಭಾಗಿಸಿ ನೋಡಬೇಕು. ಇಲ್ಲಿ ಎರಡನೆಯದು ಇಲ್ಲ.

ಮೊಳಕಾಲ್ಮೂರು 577535. ವ್ಯತ್ಯಾಸ 42, ಕೊನೆಯಲ್ಲಿ 5. ಅಂದಮೇಲೆ 35ರಿಂದ ಭಾಗವಾಗುತ್ತದೆ: 35 × 16501.

ಈಗ ನಮ್ಮ ಮೂರು ಊರು. ದಾವಣಗೆರೆಗೆ 576, ಚಿತ್ರದುರ್ಗಕ್ಕೆ 76, ಹರಿಹರಕ್ಕೆ 24. ಈ ಮೂರರಲ್ಲಿ ಯಾವುದೂ 7, 11, 13ರ ಮಗ್ಗಿಯಲ್ಲಿ ಇಲ್ಲ. ಮೂರೂ ಗಟ್ಟಿ.

ಸೊನ್ನೆ ಬರಿಸಿ ಕತ್ತರಿಸುವುದು

17ರಿಂದ ಮುಂದಕ್ಕೆ ಉದ್ದ ಭಾಗಾಕಾರ ಮಾಡುತ್ತಾ ಕೂರಬೇಕಿಲ್ಲ. ಇದಕ್ಕಿಂತ ಹಗುರವಾದ ದಾರಿ ಇದೆ. ಯಾವ ಅವಿಭಾಜ್ಯದಿಂದ ಪರೀಕ್ಷಿಸುತ್ತಿದ್ದೀರೋ ಅದರ ಮಗ್ಗಿಯ ಒಂದು ಸಂಖ್ಯೆಯನ್ನು ಕೂಡಿಯೋ ಕಳೆದೋ ಕೊನೆಯಲ್ಲಿ ಸೊನ್ನೆ ಬರಿಸಿ. ಸೊನ್ನೆಯನ್ನು ಕತ್ತರಿಸಿ ಹಾಕಿ. ಸಂಖ್ಯೆ ಚಿಕ್ಕದಾಗುವವರೆಗೆ ಇದನ್ನೇ ಮಾಡಿ.

ದಾವಣಗೆರೆಯ 577001ಕ್ಕೆ 17, 19 ಎರಡೂ ಆಗುವುದಿಲ್ಲ. 23ರಿಂದ ನೋಡೋಣ.

577001 + 69 = 577070. ಸೊನ್ನೆ ತೆಗೆದರೆ 57707.
57707 + 23 = 57730. ತೆಗೆದರೆ 5773.
5773 − 23 = 5750. ತೆಗೆದರೆ 575.
575 = 23 × 25.

ಸಿಕ್ಕಿತು! 69 ಅಂದರೆ 23 × 3, ಅದನ್ನು ಕೂಡಿದರೆ 23ರ ಮಟ್ಟಿಗೆ ಏನೂ ಬದಲಾಗುವುದಿಲ್ಲ. ಸೊನ್ನೆ ಕತ್ತರಿಸುವುದು ಅಂದರೆ 10ರಿಂದ ಭಾಗಿಸುವುದು. 10ರಲ್ಲಿ ಇರುವುದು 2 ಮತ್ತು 5 ಮಾತ್ರ, 23ರ ಸುದ್ದಿಗೇ ಅದು ಹೋಗುವುದಿಲ್ಲ. ಆದರೆ ಒಂದು ಎಚ್ಚರಿಕೆ. ಈ ದಾರಿ ಭಾಗವಾಗುತ್ತದೋ ಇಲ್ಲವೋ ಎಂಬುದನ್ನು ಮಾತ್ರ ಹೇಳುತ್ತದೆ. ಕೊನೆಗೆ ಉಳಿದದ್ದು ನಿಜವಾದ ಶೇಷ ಅಲ್ಲ. ಶೇಷವೇ ಬೇಕಿದ್ದರೆ ಮಾಮೂಲಿ ಭಾಗಾಕಾರ ಮಾಡಬೇಕು.

577001ನ್ನು 23ರಿಂದ ಭಾಗಿಸಿದರೆ 25087. ಇನ್ನು ಈ 25087 ಒಡೆಯುತ್ತದೋ ನೋಡಬೇಕು. ಇಲ್ಲಿ ಮಿತಿಯೂ ಇಳಿಯುತ್ತದೆ: 25087ರ ವರ್ಗಮೂಲ 158 ಮತ್ತು ಚಿಲ್ಲರೆ. 19ರವರೆಗಿನವು ಮೊದಲೇ ಬಿದ್ದುಹೋಗಿವೆ, ಅವನ್ನು ಮತ್ತೆ ಮುಟ್ಟಬೇಡಿ. 23ನ್ನು ಮಾತ್ರ ಇನ್ನೊಮ್ಮೆ ನೋಡಿ, ಅದು ಎರಡು ಸಲ ಬಂದಿರಬಹುದು. ಅಲ್ಲಿಂದ 157ರವರೆಗೆ ಒಟ್ಟು 29 ಅವಿಭಾಜ್ಯಗಳು. 37ರ ಬಳಿ ಬಂದಾಗ ಶೇಷ 1. ಮತ್ತೆ 113ರಲ್ಲೂ ಶೇಷ 1. ಎರಡು ಕಡೆ ಕೂದಲೆಳೆಯಲ್ಲಿ ತಪ್ಪಿಸಿಕೊಳ್ಳುತ್ತದೆ. 157ರವರೆಗೆ ಯಾವುದೂ ಭಾಗಿಸುವುದಿಲ್ಲ. ಹಾಗಾಗಿ ದಾವಣಗೆರೆಯ ಕೊನೆಯ ಉತ್ತರ:

577001 = 23 × 25087

ಚಿತ್ರದುರ್ಗ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ

ಒಂದೇ ಸೀಮೆಯ ಹಲವು ಊರುಗಳನ್ನು ಪರೀಕ್ಷಿಸುವುದಿದ್ದರೆ ಕೆಲಸ ಹಂಚಿಕೊಳ್ಳಬಹುದು. ಎಲ್ಲವೂ 577ರಿಂದ ಶುರುವಾಗುತ್ತವೆ, ಅಲ್ವಾ? ಹಾಗಾದರೆ 577000ಕ್ಕೆ ಒಂದು ಸಲ ಶೇಷ ಕಂಡುಹಿಡಿದರೆ ಸಾಕು. ಉದಾಹರಣೆಗೆ 29ರಿಂದ ಭಾಗಿಸಿದಾಗ 577000ರ ಶೇಷ 16. ದಾವಣಗೆರೆಗೆ 1 ಕೂಡಿ: 17. ಚಿತ್ರದುರ್ಗಕ್ಕೆ 501 ಕೂಡಿ: 517, ಅದನ್ನು 29ರಿಂದ ಭಾಗಿಸಿದರೆ ಶೇಷ 24. ಹರಿಹರಕ್ಕೆ 601 ಕೂಡಿ: 617, ಶೇಷ 8. ಒಂದು ದೊಡ್ಡ ಭಾಗಾಕಾರ, ಮೂರು ಊರಿನ ಉತ್ತರ. ನೋಟ್‌ಬುಕ್ಕಿನಲ್ಲಿ ಊರಿಗೊಂದು ಕಂಬಸಾಲು ಹಾಕಿ, ಎಡಗಡೆ ಅವಿಭಾಜ್ಯಗಳನ್ನು ಬರೆಯುತ್ತಾ ಹೋಗಿ. ತಪ್ಪು ಕಡಿಮೆಯಾಗುತ್ತದೆ, ಮನೆಯ ಎಲ್ಲರೂ ಒಂದೊಂದು ಸಾಲು ಹಂಚಿಕೊಂಡು ಮಾಡಬಹುದು.

ದಾವಣಗೆರೆ ಒಂಬತ್ತನೇ ಅವಿಭಾಜ್ಯಕ್ಕೇ ಒಡೆಯಿತು. ಚಿತ್ರದುರ್ಗದ 577501 ಹಾಗಲ್ಲ. 31ರಲ್ಲಿ ಶೇಷ 2, ಇನ್ನೇನು ಸಿಕ್ಕಿತು ಅನ್ನಿಸುತ್ತದೆ. ಇಲ್ಲ. ನೂರು ದಾಟುತ್ತದೆ. ನೂರೈವತ್ತು ದಾಟುತ್ತದೆ. 199ರಲ್ಲಿ ಶೇಷ 3. ಇನ್ನೂರೈವತ್ತು ದಾಟಿದ ಮೇಲೆ ಬಹಳ ಜನ ಇದು ಅವಿಭಾಜ್ಯವೇ ಇರಬೇಕು ಅಂತ ಪೆನ್ನು ಕೆಳಗಿಡುತ್ತಾರೆ. ಇಡಬೇಡಿ. ಕಲ್ಲಿನ ಕೋಟೆಯ ಏಳು ಸುತ್ತು ದಾಟಿದ ಮೇಲೂ ಒಂದು ಕಿಂಡಿ ಇರುವ ಹಾಗೆ, 57 ಅವಿಭಾಜ್ಯಗಳು ಸೋತ ಮೇಲೆ 58ನೆಯದು ಬರುತ್ತದೆ. ಅದು 271.

577501 − 271 = 577230. ಸೊನ್ನೆ ತೆಗೆದರೆ 57723.
57723 − 813 = 56910. ತೆಗೆದರೆ 5691.
5691 − 271 = 5420. ತೆಗೆದರೆ 542.
542 = 271 × 2.

ಎಷ್ಟು ಅಚ್ಚುಕಟ್ಟಾಗಿ ಬಿಚ್ಚಿಕೊಂಡಿತು ನೋಡಿ! ಭಾಗಿಸಿದರೆ 2131 ಬರುತ್ತದೆ. ಅದನ್ನು ಮತ್ತೆ ಪರೀಕ್ಷಿಸುವ ಕೆಲಸವೇ ಇಲ್ಲ. 2131ರ ವರ್ಗಮೂಲ 47ಕ್ಕಿಂತ ಕಡಿಮೆ. 47ರ ಒಳಗಿನವೆಲ್ಲ ಆಗಲೇ ಸೋತಿವೆ. ಆದ್ದರಿಂದ 2131 ತಾನಾಗಿಯೇ ಅವಿಭಾಜ್ಯ.

577501 = 271 × 2131

ಪಟ್ಟಿಯನ್ನು ಕ್ರಮವಾಗಿ ನೋಡುತ್ತಾ ಬಂದಿದ್ದರ ಲಾಭ ಇದು. ಮನಸ್ಸಿಗೆ ಬಂದ ಸಂಖ್ಯೆಯಿಂದ ಅಲ್ಲಲ್ಲಿ ಭಾಗಿಸಿ ನೋಡಿದ್ದರೆ 2131ಕ್ಕೆ ಬೇರೆ ಪರೀಕ್ಷೆ ಬೇಕಾಗುತ್ತಿತ್ತು.

ಉತ್ತರ ಸರಿಯೇ?

ಗುಣಿಸಿ ನೋಡುವುದು ಒಂದು ದಾರಿ. ಇನ್ನೊಂದು ಹಳೆಯ ದಾರಿ ಅಂಕಿ ಮೊತ್ತದ್ದು. 271ರ ಅಂಕಿ ಮೊತ್ತ 10, ಅದರದ್ದು 1. 2131ರದ್ದು 7. ಗುಣಿಸಿದರೆ 7. 577501ರ ಮೊತ್ತ 25, ಅದರದ್ದು 7. ತಾಳೆಯಾಯಿತು. 23 × 25087ಕ್ಕೆ 5 × 4 = 20, ಅಂದರೆ 2. 577001ರ ಮೊತ್ತವೂ 20, ಅಂದರೆ 2. ಸರಿ.

ತಾಳೆಯಾಗದಿದ್ದರೆ ಲೆಕ್ಕ ಖಂಡಿತ ತಪ್ಪು. ತಾಳೆಯಾದರೆ ಖಂಡಿತ ಸರಿ ಅಂತ ಹೇಳಲು ಬರುವುದಿಲ್ಲ. ಎರಡು ಅಂಕಿ ಅದಲುಬದಲಾಗಿದ್ದರೆ ಮೊತ್ತ ಅದೇ ಇರುತ್ತದೆ. ಹಾಗಾಗಿ ಕೊನೆಯ ಒಂದು ಸಲ ಮೊಬೈಲ್ ಕ್ಯಾಲ್ಕುಲೇಟರ್‌ನಲ್ಲಿ ಗುಣಿಸಿ ನೋಡಿ.

ಬಿಡಿಸಿದ ಮೇಲೆ ಏನು ಗೊತ್ತಾಗುತ್ತದೆ?

ಹತ್ತನೇ ಕ್ಲಾಸಿನ ವಾಸ್ತವ ಸಂಖ್ಯೆಗಳ ಪಾಠದಲ್ಲಿ ಅಂಕಗಣಿತದ ಮೂಲಭೂತ ಪ್ರಮೇಯ ಅಂತ ಬರುತ್ತದೆ. ಒಂದು ಸಂಖ್ಯೆಯನ್ನು ಅವಿಭಾಜ್ಯಗಳಾಗಿ ಒಂದೇ ಒಂದು ರೀತಿಯಲ್ಲಿ ಬಿಡಿಸಬಹುದು ಎಂಬುದು ಅದರ ಸಾರ. ನೀವು ಬೆಳಗ್ಗೆ ಮಾಡಿದರೂ ಪಕ್ಕದ ಮನೆಯವರು ರಾತ್ರಿ ಮಾಡಿದರೂ 577501ಕ್ಕೆ 271 ಮತ್ತು 2131 ಬಿಟ್ಟು ಬೇರೆ ಬರುವುದಿಲ್ಲ. ಆ ತುಂಡುಗಳು ಕೈಗೆ ಸಿಕ್ಕಿದರೆ ಉಳಿದ ಗುಣಗಳೆಲ್ಲ ತಾವಾಗಿ ಬರುತ್ತವೆ.

ಎಷ್ಟು ಸಂಖ್ಯೆಗಳು ಭಾಗಿಸುತ್ತವೆ? ಪ್ರತಿ ಅವಿಭಾಜ್ಯ ಎಷ್ಟು ಸಲ ಬಂದಿದೆಯೋ ಅದಕ್ಕೆ 1 ಕೂಡಿ, ಎಲ್ಲವನ್ನೂ ಗುಣಿಸಿ. ದಾವಣಗೆರೆಗೆ 2 × 2 = 4: 1, 23, 25087, 577001. ಚಿತ್ರದುರ್ಗಕ್ಕೂ ನಾಲ್ಕೇ. ಚನ್ನಗಿರಿಗೆ 8. ಜಗಳೂರಿನಲ್ಲಿ 2 ಮೂರು ಸಲ ಬಂದಿದೆ, 7 ಒಂದು ಸಲ, 10313 ಒಂದು ಸಲ. 4 × 2 × 2 = 16. ಈ ನಾಲ್ಕರಲ್ಲಿ ಅದೇ ದೊಡ್ಡ ಸಂಸಾರ.

ಇನ್ನೊಂದು ನೋಡಿ. ಸಂಖ್ಯೆಯನ್ನು ಬಿಟ್ಟು ಅದರ ಉಳಿದ ಅಪವರ್ತನಗಳನ್ನೆಲ್ಲ ಕೂಡಿ. ದಾವಣಗೆರೆಗೆ 1 + 23 + 25087 = 25111. ಮೂಲ ಸಂಖ್ಯೆಯ ಮುಂದೆ ಇದು ಏನೂ ಅಲ್ಲ. ಜಗಳೂರಿಗೆ ಅದೇ ಮೊತ್ತ 660152 ಬರುತ್ತದೆ, 577528ಕ್ಕಿಂತ ಜಾಸ್ತಿ! ಹೀಗೆ ಅಪವರ್ತನಗಳ ಮೊತ್ತ ತನ್ನನ್ನೇ ಮೀರಿಸುವ ಸಂಖ್ಯೆಗಳನ್ನು, ಮೀರಿಸದವನ್ನು, ಸರಿಸಮ ಇರುವವನ್ನು ಬೇರೆ ಮಾಡಿ ನೋಡುವ ಅಭ್ಯಾಸ ಪ್ರಾಚೀನ ಗ್ರೀಕರ ಕಾಲದ್ದು. ಸರಿಸಮ ಇರುವುದು ಬಹಳ ಅಪರೂಪ. 6, 28, 496, 8128, ಆಮೇಲಿನದು 33550336. ಆರಂಕಿಯಲ್ಲಿ ಅಂಥದ್ದು ಒಂದೂ ಇಲ್ಲ, ಹಾಗಾಗಿ ಯಾವ ಪಿನ್ ಕೋಡ್‌ಗೂ ಆ ಭಾಗ್ಯ ಇಲ್ಲ.

ಹರಿಹರದ ಸಂಖ್ಯೆ

ಈ ಇಡೀ ಲೇಖನ ಬರೆಯಲು ನಿಜವಾದ ಕಾರಣ ಇದು. 577601 ಅಂದರೆ 577600ಕ್ಕೆ ಒಂದು ಹೆಚ್ಚು. 577600 ಅಂದರೆ 760ರ ವರ್ಗ. ಅಂದರೆ

577601 = 760² + 1²

ದೊಡ್ಡ ಸಂಖ್ಯೆ ಸಿಕ್ಕಾಗ ಹತ್ತಿರದ ಪೂರ್ಣ ವರ್ಗ ಯಾವುದು ಅಂತ ಮೊದಲೇ ನೋಡಿಟ್ಟುಕೊಳ್ಳಿ ಅಂತ ನಾನು ಯಾವಾಗಲೂ ಹೇಳುತ್ತೇನೆ. ಇಲ್ಲಿ ಅದರಿಂದ ಕೆಲಸ ಅರ್ಧಕ್ಕರ್ಧ ಉಳಿಯುತ್ತದೆ. ಒಂದು ವರ್ಗಕ್ಕೆ 1 ಕೂಡಿದ ಸಂಖ್ಯೆಯನ್ನು, 4ರಿಂದ ಭಾಗಿಸಿದಾಗ 3 ಉಳಿಯುವ ಯಾವ ಅವಿಭಾಜ್ಯವೂ ಭಾಗಿಸಲಾರದು. 3, 7, 11, 19, 23, 31 ಇವೆಲ್ಲ ಪರೀಕ್ಷೆಯಿಲ್ಲದೆ ಹೊರಗೆ. ಹರಿಹರ ಬೆಸಸಂಖ್ಯೆ, 2 ಕೂಡ ಹೊರಗೆ. 134ರಲ್ಲಿ ಉಳಿಯುವವು 63: 5, 13, 17, 29, 37, 41 ಹೀಗೆ, 4ರಿಂದ ಭಾಗಿಸಿದರೆ 1 ಉಳಿಯುವವು.

ಪರೀಕ್ಷೆಯೂ ಹಗುರ. 577601ನ್ನು ಭಾಗಿಸುವ ಬದಲು 760ನ್ನು ಭಾಗಿಸಿ, ಶೇಷದ ವರ್ಗಕ್ಕೆ 1 ಕೂಡಿ, ಅದು ಭಾಗವಾಗುತ್ತದೋ ನೋಡಿ. 109 ತೆಗೆದುಕೊಳ್ಳಿ. 109 × 7 = 763. 760 ಅದಕ್ಕೆ 3 ಕಡಿಮೆ. 3ರ ವರ್ಗ 9, ಒಂದು ಕೂಡಿದರೆ 10. 109ಕ್ಕೆ ಆಗಲಿಲ್ಲ. 373ಕ್ಕೆ: 746 ಕಳೆದರೆ 14, ವರ್ಗ 196, ಒಂದು ಕೂಡಿದರೆ 197. ಆಗಲಿಲ್ಲ. ಬಾಯಿಲೆಕ್ಕದಲ್ಲೇ ಆಗಿಹೋಗುತ್ತದೆ.

ಪಟ್ಟಿ ಮುಗಿಯುತ್ತಾ ಬಂದಾಗ 733 ಬರುತ್ತದೆ. 760ರಲ್ಲಿ 733 ಹೋದರೆ 27. 27ರ ವರ್ಗ 729. ಒಂದು ಕೂಡಿದರೆ 730. ಮೂರೇ ಮೂರು ಕಡಿಮೆ! ಉಳಿದಿರುವುದು ಒಂದೇ, 757. 760ರಲ್ಲಿ ಹೋದರೆ 3, ವರ್ಗಕ್ಕೆ ಒಂದು ಕೂಡಿದರೆ 10. ಅದೂ ಆಗಲಿಲ್ಲ. ಪಟ್ಟಿ ಮುಗಿಯಿತು.

ಹರಿಹರದ 577601 ಅವಿಭಾಜ್ಯ.

17ನೇ ಶತಮಾನದ ಫ್ರೆಂಚ್ ಗಣಿತಜ್ಞ ಫರ್ಮಾ ಒಂದು ಮಾತು ಹೇಳಿದ್ದ: 4ರಿಂದ ಭಾಗಿಸಿದರೆ 1 ಉಳಿಯುವ ಪ್ರತಿ ಅವಿಭಾಜ್ಯವೂ ಎರಡು ವರ್ಗಗಳ ಮೊತ್ತ, ಅದೂ ಒಂದೇ ಒಂದು ರೀತಿಯಲ್ಲಿ. ಅದನ್ನು ಸಾಧಿಸಿ ತೋರಿಸಿದ್ದು ಒಂದು ಶತಮಾನ ಕಳೆದ ಮೇಲೆ ಬಂದ ಆಯ್ಲರ್. ಹರಿಹರದ ಸಂಖ್ಯೆಗೆ ಆ ಒಂದೇ ರೀತಿ 760² + 1². ಬೇರೆ ಯಾವ ಎರಡು ವರ್ಗ ಕೂಡಿದರೂ 577601 ಬರುವುದಿಲ್ಲ. ತುಂಗಭದ್ರೆಯ ದಡದಲ್ಲಿ 13ನೇ ಶತಮಾನದ ಹೊಯ್ಸಳ ಗುಡಿಯಲ್ಲಿ ವಿಷ್ಣುವೂ ಶಿವನೂ ಒಂದೇ ವಿಗ್ರಹವಾಗಿ ನಿಂತಿರುವ ಊರಿಗೆ, ಎರಡು ವರ್ಗ ಕೂಡಿಯೂ ಒಡೆಯದ ಸಂಖ್ಯೆ ಬಂದದ್ದು ಬರೀ ಕಾಕತಾಳೀಯ. ಅಂಚೆ ಇಲಾಖೆ ಲೆಕ್ಕ ಹಾಕಿ ಕೊಟ್ಟಿದ್ದಲ್ಲ. ಆದರೂ ನನಗೆ ಬಹಳ ಇಷ್ಟ.

ದಾವಣಗೆರೆ, ಚಿತ್ರದುರ್ಗಕ್ಕೆ ಈ ಗುಣ ಇಲ್ಲ. ಎರಡನ್ನೂ 4ರಿಂದ ಭಾಗಿಸಿದರೆ 1 ಉಳಿಯುತ್ತದೆ ನಿಜ. ಆದರೆ ಒಳಗಿರುವ 23, 271, 2131 ಮೂರೂ 3 ಉಳಿಸುವ ಜಾತಿಯವು, ಒಂದೊಂದೇ ಸಲ ಬಂದಿವೆ. ಹಾಗಿದ್ದಾಗ ಎರಡು ವರ್ಗಗಳ ಮೊತ್ತವಾಗಿ ಬರೆಯಲು ಸಾಧ್ಯವಿಲ್ಲ. ಹೊರಗಿನಿಂದ ನೋಡಿ ಇದನ್ನು ಹೇಳಲು ಬರುತ್ತಿರಲಿಲ್ಲ.

ವರ್ಗಕ್ಕೆ 1 ಕೂಡಿದಾಗ ಬರುವ ಅವಿಭಾಜ್ಯಗಳು ಎಷ್ಟಿವೆ? ಮುಗಿಯದಷ್ಟಿವೆಯೇ? 1912ರಲ್ಲಿ ಜರ್ಮನಿಯ ಲ್ಯಾಂಡೌ ಕೇಂಬ್ರಿಜ್‌ನ ಗಣಿತ ಸಮ್ಮೇಳನದಲ್ಲಿ ಈ ಪ್ರಶ್ನೆ ಮುಂದಿಟ್ಟರು. ಇವತ್ತಿಗೂ ಯಾರೂ ಉತ್ತರ ಸಾಧಿಸಿಲ್ಲ. ಹರಿಹರದಿಂದ ಬರುವ ಪ್ರತಿ ಕಾಗದದ ಮೇಲೆ ಆ ಪ್ರಶ್ನೆಯ ಒಂದು ಉದಾಹರಣೆ ಇದೆ.

577ರ ಕತೆ

577 ಕೂಡ ಅವಿಭಾಜ್ಯ. ಅದೂ 24² + 1, ಅಂದರೆ ಹರಿಹರದ ಜಾತಿಯದೇ. ಇದಕ್ಕೆ ಇನ್ನೊಂದು ಹೆಗ್ಗಳಿಕೆ ಇದೆ. ಯಜ್ಞವೇದಿಕೆ ಕಟ್ಟುವ ಅಳತೆಗಳನ್ನು ಹೇಳುವ ಬೌಧಾಯನ ಶುಲ್ಬಸೂತ್ರದಲ್ಲಿ ಚೌಕದ ಕರ್ಣಕ್ಕೆ ಒಂದು ಲೆಕ್ಕ ಕೊಟ್ಟಿದ್ದಾರೆ: ಬಾಹುವಿಗೆ ಅದರ ಮೂರನೇ ಒಂದು ಭಾಗ ಕೂಡಿ, ಆ ಮೂರನೇ ಭಾಗದ ನಾಲ್ಕನೇ ಒಂದು ಭಾಗ ಕೂಡಿ, ಅದರ ಮೂವತ್ನಾಲ್ಕನೇ ಒಂದು ಭಾಗ ಕಳೆಯಿರಿ. ಮಾಡಿ ನೋಡಿ. 1ಕ್ಕೆ 1/3 ಮತ್ತು 1/12 ಕೂಡಿ, 1/408 ಕಳೆದರೆ 577/408. ದಶಮಾಂಶದಲ್ಲಿ 1.414215. ಎರಡರ ನಿಜವಾದ ವರ್ಗಮೂಲ 1.414213. 577ರ ವರ್ಗ 332929, 408ರ ವರ್ಗದ ಎರಡರಷ್ಟು 332928. ಒಂದೇ ಒಂದು ವ್ಯತ್ಯಾಸ.

ಇನ್ನೂ ದೊಡ್ಡ ಸಂಖ್ಯೆಗೆ

ಊರಿನ ಪಿನ್ ಕೋಡ್‌ನ್ನು ಪಕ್ಕಪಕ್ಕದಲ್ಲಿ ಎರಡು ಸಲ ಬರೆಯಿರಿ: 577001577001. ಸುಮಾರು 57,700 ಕೋಟಿ. ವರ್ಗಮೂಲ ಏಳೂವರೆ ಲಕ್ಷ ದಾಟುತ್ತದೆ, ನಮ್ಮ ಪಟ್ಟಿ ಸಾಲದು. ಆದರೂ ಒಂದು ನಿಮಿಷದಲ್ಲಿ ಬಿಡಿಸಬಹುದು. ಆರಂಕಿಯನ್ನು ಎರಡು ಸಲ ಬರೆಯುವುದು ಅಂದರೆ 1000001ರಿಂದ ಗುಣಿಸುವುದು. 1000001 = 101 × 9901, ಎರಡೂ ಅವಿಭಾಜ್ಯ. ಹಾಗಾಗಿ ಉತ್ತರ 23 × 101 × 9901 × 25087. ಯಾವ ಊರಿನ ಪಿನ್ ಕೋಡ್ ಎರಡು ಸಲ ಬರೆದರೂ 101ರಿಂದ ಭಾಗವಾಗಲೇಬೇಕು. ದೊಡ್ಡ ಸಂಖ್ಯೆಯ ಮೈಕಟ್ಟು ಹೇಗಿದೆ ಅಂತ ಮೊದಲು ನೋಡಿ, ಆಮೇಲೆ ಪೆನ್ನು ಎತ್ತಿ.

ಮೈಕಟ್ಟು ಇಲ್ಲದ ಹನ್ನೆರಡಂಕಿ ಬಂದರೆ ಕಂಪ್ಯೂಟರ್‌ಗೇ ಕೊಡಿ. ಲಿನಕ್ಸ್‌ನಲ್ಲಿ ‘ಫ್ಯಾಕ್ಟರ್’ ಅಂತ ಒಂದು ಆಜ್ಞೆಯೇ ಇದೆ, ಕಣ್ಣು ಮಿಟುಕಿಸುವುದರೊಳಗೆ ಬಿಡಿಸುತ್ತದೆ. ಅದಕ್ಕೂ ಮಿತಿ ಇದೆ. 250 ಅಂಕಿಯ ಒಂದು ಸಂಖ್ಯೆಯನ್ನು ಎರಡು ದೊಡ್ಡ ಅವಿಭಾಜ್ಯಗಳಾಗಿ ಒಡೆಯಲು ಸಾಧ್ಯವಾದದ್ದು 2020ರಲ್ಲಿ, ಅದೂ ಸಾವಿರಾರು ಕಂಪ್ಯೂಟರ್‌ಗಳನ್ನು ಸೇರಿಸಿ ದುಡಿಸಿದ ಮೇಲೆ. 1977ರಲ್ಲಿ ರಿವೆಸ್ಟ್, ಶಮೀರ್, ಏಡಲ್‌ಮನ್ ಈ ಕಷ್ಟವನ್ನೇ ಬೀಗ ಮಾಡಿಕೊಂಡರು. ಎರಡು ಅವಿಭಾಜ್ಯ ಗುಣಿಸುವುದು ಸುಲಭ, ಗುಣಲಬ್ಧದಿಂದ ಅವನ್ನು ಹಿಂದಕ್ಕೆ ಪಡೆಯುವುದು ಕಷ್ಟ. ಇಂಟರ್‌ನೆಟ್‌ನಲ್ಲಿ ಗುಟ್ಟು ಕಾಯುವ ಬೀಗಗಳಲ್ಲಿ ಇದು ಬಹಳ ಹೆಸರಾದದ್ದು. 271 × 2131ನ್ನು ನೀವು ಅರ್ಧ ನಿಮಿಷದಲ್ಲಿ ಗುಣಿಸಬಹುದು. 577501ರಿಂದ 271ನ್ನು ಹೊರತೆಗೆಯಲು ಎಷ್ಟು ಹೊತ್ತು ಬೇಕಾಯಿತು ಅಂತ ನೆನೆಸಿಕೊಳ್ಳಿ. ಅಂಕಿಗಳನ್ನು ನೂರು ಪಟ್ಟು ಮಾಡಿದರೆ ಬೀಗ ಎಷ್ಟು ಗಟ್ಟಿ ಅಂತ ಅಂದಾಜು ಸಿಗುತ್ತದೆ.

ನಿಮಗೊಂದು ಲೆಕ್ಕ

ಹೊಳಲ್ಕೆರೆ 577526 ಸಮಸಂಖ್ಯೆ, ಅರ್ಧ ಮಾಡಿ ಅಲ್ಲಿಂದ ಶುರು ಮಾಡಬಹುದು. ಹೊನ್ನಾಳಿಯವರಿಗೆ ತಾಳ್ಮೆ ಬೇಕು. 577217. ಅಂಕಿ ಮೊತ್ತ 29, ಹಾಗಾಗಿ 3 ಆಗುವುದಿಲ್ಲ. 577ಕ್ಕೂ 217ಕ್ಕೂ ವ್ಯತ್ಯಾಸ 360, ಹಾಗಾಗಿ 7, 11, 13 ಇಲ್ಲ. 29ರಲ್ಲಿ ಶೇಷ 1. ನೂರರ ಒಳಗಿನ ಯಾವ ಅವಿಭಾಜ್ಯವೂ ಅದನ್ನು ಭಾಗಿಸುವುದಿಲ್ಲ. 101ರಲ್ಲಿ ಶೇಷ 2. ಮುಂದಿನದು 103, ಅಲ್ಲಿಂದ ನೀವು ಹಿಡಿಯಿರಿ.